ಮಂಗಳೂರಿನಿಂದ ಮಾಲ್ಡೀವ್ಸಿಗೆ: ಹೊರಡುವ ಮೊದಲು ಹಾಯಿದೋಣಿಯನ್ನು ಅಣಿಗೊಳಿಸುವ ಬಗೆ

ದೋಣಿ ಕೊಂಡವರು ಮೊದಲು ತಂದು ಕೂರಿಸುವುದು ದೊಡ್ಡ ಪರದೆಯ ಚಾರ್ಟ್‌ಪ್ಲಾಟರು, ಅಂದರೆ ಕಡಲ ನಕ್ಷೆಯಲ್ಲಿ ದೋಣಿ ಎಲ್ಲಿದೆಯೆಂದು ತೋರಿಸುವ ಯಂತ್ರ. ಸಮುದ್ರದಲ್ಲಿ ಕೈಕೊಡುವುದು ಮಾತ್ರ ಹೋಸಿನ ಕ್ಲಿಪ್ಪು, ಹತ್ತು ರೂಪಾಯಿಯ ಸ್ಪ್ಲಿಟ್ ಪಿನ್ನು, ಡೀಸೆಲ್ ಟ್ಯಾಂಕಿನ ತಳದಲ್ಲಿ ಕೂತ ಒಂದು ಲೋಟ ನೀರು. ಅದಕ್ಕೇ ಇಲ್ಲಿ ಕೆಲಸದ ಸರದಿ ಬೇರೆ. ನೀರು ಒಳಗೆ ಬರಬಹುದಾದ ತೂತುಗಳು ಮೊದಲು, ಆಮೇಲೆ ಮಾಸ್ಟನ್ನು (ಹಾಯಿಯ ಕಂಬವನ್ನು) ಹಿಡಿದು ನಿಲ್ಲಿಸಿರುವ ತಂತಿಗಳು, ಚುಕ್ಕಾಣಿ, ಲಂಗರು, ಇಂಜಿನ್ನು, ಕರೆಂಟು. ಇಷ್ಟೆಲ್ಲ ಆಗಿ ದುಡ್ಡು ಉಳಿದರೆ ಪ್ಲಾಟರು.

ಲೆಕ್ಕಕ್ಕೆ ಒಂದು ದೋಣಿ ಬೇಕಲ್ಲ: 36 ಅಡಿಯ ಫೈಬರ್ ದೋಣಿ, ಒಂದೇ ಮಾಸ್ಟ್, ನೀರಿನೊಳಗೆ 1.8 ಮೀಟರ್ ಆಳ, 30 ಎಚ್‌ಪಿ ಡೀಸೆಲ್ ಇಂಜಿನ್, ಮೂವರು ಜನ. ದಾರಿ ಮಂಗಳೂರಿನಿಂದ ಕೊಚ್ಚಿಗೆ ಸುಮಾರು 190 ನಾಟಿಕಲ್ ಮೈಲಿ, ಅಲ್ಲಿ ಕಸ್ಟಮ್ಸ್, ಇಮಿಗ್ರೇಶನ್, ಬಂದರಿನ ಕ್ಲಿಯರೆನ್ಸ್ ಮುಗಿಸಿ ಮಾಲ್ಡೀವ್ಸಿನ ಉತ್ತರ ತುದಿಯ ಉಲಿಗನ್ ದ್ವೀಪಕ್ಕೆ ಸುಮಾರು 260. ಸರಾಸರಿ 4 ನಾಟ್ (ಗಂಟೆಗೆ 4 ನಾಟಿಕಲ್ ಮೈಲಿ) ಹಿಡಿದರೆ ಮೊದಲ ಹಂತಕ್ಕೆ ಎರಡು ದಿನ, ಎರಡನೆಯದಕ್ಕೆ ಎರಡೂಮುಕ್ಕಾಲು ದಿನ.

ತಿಂಗಳು ಜನವರಿ ಅಥವಾ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯ ಮುಂಗಾರು, ಆಗ ಈ ಕಡಲು ಹವ್ಯಾಸಿಗಳದ್ದಲ್ಲ. ಮಳೆ ನಿಂತ ಕೂಡಲೇ ಹೊರಡೋಣ ಅನ್ನುವುದೂ ಬೇಡ, ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ವಾರದವರೆಗೆ ಚಂಡಮಾರುತದ ಕಾಲ. 2017ರ ನವೆಂಬರ್ ಕೊನೆಗೆ ಎದ್ದ ಓಖಿ ಸರಿಯಾಗಿ ಈ ದಾರಿಯ ಮೇಲೇ, ಕೇರಳದ ಕರಾವಳಿ ಮತ್ತು ಲಕ್ಷದ್ವೀಪದ ನಡುವೆ ಹಾದುಹೋಯಿತು. ಆ ಎರಡು ತಿಂಗಳನ್ನು ದೋಣಿಯನ್ನು ದಡಕ್ಕೆಳೆದು ಕೆಲಸ ಮಾಡಲು ಬಳಸಿಕೊಳ್ಳಿ. ಟ್ರಾಲರುಗಳನ್ನು ಎಳೆಯುವ ಸ್ಲಿಪ್‌ವೇ ಉದ್ದ ತಳದ ಬೋಟುಗಳಿಗಾಗಿ ಮಾಡಿದ್ದು. ಕಿರಿದಾದ ಕೀಲ್ (ತಳದ ಕೆಳಗಿನ ಭಾರದ ರೆಕ್ಕೆ) ಇರುವ ಹಾಯಿದೋಣಿಯನ್ನು ಅದರ ಮೇಲೆ ಕೂರಿಸಬೇಕಾದರೆ ಎರಡೂ ಬದಿಗೆ ಆನಿಕೆ ಕೊಡುವ ನಿಮ್ಮದೇ ಚೌಕಟ್ಟು ಬೇಕು. ಆನಿಕೆ ಬೀಳಬೇಕಾದ್ದು ಒಳಗೆ ಅಡ್ಡಗೋಡೆ ಇರುವ ಜಾಗಕ್ಕೆ, ಬರೀ ಫೈಬರಿಗಲ್ಲ.

ತೂತುಗಳು

ನೀರಿನ ಮಟ್ಟದ ಕೆಳಗೆ ಇಂಥ ದೋಣಿಗೆ ಎಂಟರಿಂದ ಹನ್ನೆರಡು ತೂತುಗಳಿರುತ್ತವೆ: ಇಂಜಿನ್ನಿನ ತಂಪುನೀರು, ಸಿಂಕು, ಟಾಯ್ಲೆಟ್ಟಿಗೆ ಒಳಕ್ಕೊಂದು ಹೊರಕ್ಕೊಂದು, ಕಾಕ್‌ಪಿಟ್ಟಿನ (ಚುಕ್ಕಾಣಿ ಹಿಡಿದು ಕೂರುವ ತೆರೆದ ಜಾಗದ) ನೀರು ಇಳಿಯುವವು, ವೇಗಮಾಪಕ, ಆಳಮಾಪಕ. ಒಂದು ಹಾಳೆಯಲ್ಲಿ ದೋಣಿಯ ಚಿತ್ರ ಬರೆದು ಪ್ರತಿಯೊಂದನ್ನೂ ಗುರುತಿಸಿ ಒಳಗೆ ಅಂಟಿಸಿ. ಕತ್ತಲಲ್ಲಿ, ಕಾಲಡಿ ನೀರಿರುವಾಗ, ಯಾವ ಹಲಗೆ ಎತ್ತಬೇಕೆಂದು ಮೂವರಿಗೂ ಗೊತ್ತಿರಬೇಕು. ಒಂದೂವರೆ ಇಂಚಿನ ತೂತು ಎರಡಡಿ ಆಳದಲ್ಲಿ ತೆರೆದುಕೊಂಡರೆ ನಿಮಿಷಕ್ಕೆ ನೂರು ಲೀಟರಿಗೂ ಮೇಲೆ ನೀರು ನುಗ್ಗುತ್ತದೆ. ಗಂಟೆಗೆ 2000 ಗ್ಯಾಲನ್ ಎಂದು ಡಬ್ಬದ ಮೇಲೆ ಬರೆದಿರುವ ಬಿಲ್ಜ್ ಪಂಪು (ದೋಣಿಯ ತಳದ ನೀರೆತ್ತುವುದು) ಕಾಗದದಲ್ಲಿ ಇದಕ್ಕೆ ಸಾಟಿ. ಆದರೆ ಉದ್ದ ಹೋಸು, ಮೇಲೆತ್ತುವ ಎತ್ತರ, ಇಳಿದ ಬ್ಯಾಟರಿ ಎಲ್ಲ ಸೇರಿ ಅದರರ್ಧ ಎತ್ತಿದರೆ ನಿಮ್ಮ ಪುಣ್ಯ.

ದೋಣಿ ದಡದ ಮೇಲಿರುವಾಗಲೇ ಪ್ರತಿ ತೂತಿನ ವಾಲ್ವಿನ ಹಿಡಿಯನ್ನು ಪೂರ್ತಿ ತೆರೆದು ಪೂರ್ತಿ ಮುಚ್ಚಿ. ಸಿಕ್ಕಿಕೊಂಡಿದ್ದರೆ ಪೈಪು ಸಿಕ್ಕಿಸಿ ಬಲ ಹಾಕಬೇಡಿ, ಬಿಚ್ಚಿ ಗ್ರೀಸ್ ಮಾಡಿ ಅಥವಾ ಬದಲಿಸಿ. ಆಮೇಲೆ ಲೋಹ ನೋಡಬೇಕು. ಹೊರಗಿನ ಬಣ್ಣ ಕೆರೆದು ಚಾಕುವಿನ ತುದಿಯಿಂದ ಗೀರಿ. ಹೊನ್ನಿನ ಬಣ್ಣ ಹೊಳೆದರೆ ಸರಿ. ತಾಮ್ರದಂತೆ ನಸುಗೆಂಪು ಕಂಡರೆ ಅದು ಹಿತ್ತಾಳೆ, ಅದರೊಳಗಿನ ಸತುವನ್ನು ಉಪ್ಪುನೀರು ತಿಂದುಹಾಕಿದೆ, ಉಳಿದಿರುವುದು ಬಿಸ್ಕತ್ತಿನಂಥ ಪೊಳ್ಳು. ಒಂದು ಸಲ ಕಾಲು ತಾಗಿದರೂ ಮುರಿಯುತ್ತದೆ. ನಲ್ಲಿ ಅಂಗಡಿಯ ಹಿತ್ತಾಳೆ ಬಾಲ್‌ವಾಲ್ವ್ ನೋಡಲು ಥೇಟ್ ಹಾಗೇ ಇರುತ್ತದೆ, ಬೆಲೆಯೂ ಕಾಲು ಭಾಗ. ನೀರಿನ ಮಟ್ಟದ ಕೆಳಗೆ ಮಾತ್ರ ಅದು ಸಲ್ಲದು. ಕಂಚಿನದು ಅಥವಾ ದೋಣಿಗೆಂದೇ ಮಾಡಿದ ನೈಲಾನ್ ಮಿಶ್ರಣದ್ದು ಹಾಕಿ.

ಹೋಸು ಹಿಂಡಿ ನೋಡಿ. ಗಟ್ಟಿಯಾಗಿ, ಬಗ್ಗಿಸಿದಾಗ ಕೂದಲೆಳೆಯ ಬಿರುಕು ಕಂಡರೆ ಅದರ ಆಯಸ್ಸು ಮುಗಿದಿದೆ. ಹಳೆಯದನ್ನು ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಒಳಗಿನ ಮೂತಿಗೆ ಗೀರು ಬಿದ್ದರೆ ಹೊಸ ಹೋಸೂ ಜಿನುಗುತ್ತದೆ. ಬಿಸಿನೀರು ಹೊಯ್ದು ಮೆತ್ತಗೆ ಮಾಡಿ ತಿರುಚಿ ತೆಗೆಯಿರಿ. ಬರದಿದ್ದರೆ ಉದ್ದಕ್ಕೆ ಸೀಳಿ, ಬ್ಲೇಡು ಲೋಹಕ್ಕೆ ತಾಗದಷ್ಟು ಮೇಲಿಂದ. ಹೊಸದರ ತುದಿಯನ್ನು ಕುದಿನೀರಲ್ಲಿ ಒಂದು ನಿಮಿಷ ಅದ್ದಿ, ಮೂತಿಗೆ ಪಾತ್ರೆ ಸೋಪು ಸವರಿ, ಕೊನೆಯ ಉಂಗುರ ದಾಟುವ ತನಕ ತಳ್ಳಿ. ಎರಡು ಕ್ಲಿಪ್ಪು ಹಾಕಿ, ಒಂದರ ತಿರುಪು ಬಲಕ್ಕೆ, ಇನ್ನೊಂದರದು ಎಡಕ್ಕೆ. ಮೂತಿ ಗಿಡ್ಡವಾಗಿ ಎರಡನೆಯ ಕ್ಲಿಪ್ಪು ಅಂಚಿನಾಚೆ ಬೀಳುವುದಾದರೆ ಒಂದೇ ಸಾಕು. ಆಚೆಯದ್ದು ಹೋಸನ್ನು ಅಂಚಿಗೆ ಒತ್ತಿ ಕತ್ತರಿಸುತ್ತದೆ. ಅಂಗಡಿಗೆ ಹೋಗುವಾಗ ಜೇಬಲ್ಲೊಂದು ಅಯಸ್ಕಾಂತ ಇರಲಿ. ಎಷ್ಟೋ ಕ್ಲಿಪ್ಪುಗಳ ಪಟ್ಟಿ ಸ್ಟೇನ್‌ಲೆಸ್, ತಿರುಪು ಮಾತ್ರ ಸಾದಾ ಕಬ್ಬಿಣ. ತಿರುಪು ಗಟ್ಟಿಯಾಗಿ ಅಂಟಿಕೊಂಡರೆ ಕೆಳಗಿಡಿ, 316 ದರ್ಜೆಯದ್ದೇ ಕೇಳಿ.

ಪ್ರತಿ ವಾಲ್ವಿನ ಪಕ್ಕಕ್ಕೆ ಅದೇ ಅಳತೆಯ ಮೆದುಮರದ ಬೆಣೆಯೊಂದನ್ನು ದಾರ ಕಟ್ಟಿ ತೂಗುಹಾಕಿ, ವಾಲ್ವ್ ಮುರಿದರೆ ತೂತಿಗೆ ಬಡಿದು ಮುಚ್ಚಲು. ಡ್ರಾಯರಿನಲ್ಲಿ ಚೀಲ ತುಂಬ ಬೆಣೆ ಇದ್ದರೆ ಪ್ರಯೋಜನವಿಲ್ಲ. ವೇಗಮಾಪಕವನ್ನು ತೆಗೆದು ಮುಚ್ಚಳ ಹಾಕುವುದನ್ನು ಬಂದರಿನಲ್ಲೇ ಒಮ್ಮೆ ಮಾಡಿ ನೋಡಿ. ಕೈ ಚುರುಕಾಗಿದ್ದರೆ ಒಳಬರುವುದು ಒಂದೆರಡು ಮಗ್ಗು. ಕಾರಂಜಿ ನೋಡಿದ ಗಾಬರಿಗೇ ಬಕೆಟ್ ತುಂಬುತ್ತದೆ.

ಟಾಯ್ಲೆಟ್ಟಿನ ಹೋಸು ಮೇಲೆದ್ದು ಬಳುಕಿ ಇಳಿಯಬೇಕು, ಅದರ ನೆತ್ತಿಯಲ್ಲೊಂದು ಗಾಳಿಕವಾಟ. ಆ ಕವಾಟಕ್ಕೆ ಉಪ್ಪು ಕಟ್ಟಿದರೆ ಸೈಫನ್ ಹಿಡಿದು, ಎಲ್ಲರೂ ಮಲಗಿರುವಾಗ ಟಾಯ್ಲೆಟ್ ತುಂಬಿ ದೋಣಿಯೊಳಗೆ ಹರಿಯುತ್ತದೆ. ಬಿಚ್ಚಿ ಬಿಸಿನೀರಲ್ಲಿ ತೊಳೆಯುವುದು ಐದು ನಿಮಿಷದ ಕೆಲಸ. ವಿದ್ಯುತ್ ಪಂಪು ಎಷ್ಟೇ ಇರಲಿ, ಬಾಗಿಲು ಮುಚ್ಚಿಕೊಂಡು ಕಾಕ್‌ಪಿಟ್ಟಿನಿಂದಲೇ ಒತ್ತಬಹುದಾದ ಕೈಪಂಪು ಒಂದು ಬೇಕೇ ಬೇಕು.

ಹೊರಗೆ ಬಂದರೆ ಪ್ರೊಪೆಲರ್ ಶಾಫ್ಟಿನ ಸತುವಿನ ಗಟ್ಟಿ (ಬೇರೆ ಲೋಹದ ಬದಲು ತಾನು ಸವೆಯಲೆಂದೇ ಹಾಕಿದ್ದು) ಅರ್ಧ ಸವೆದಿದ್ದರೆ ಬದಲಿಸಿ. ಅದಕ್ಕೆ ಬಣ್ಣ ಹೊಡೆದರೆ ಅದು ಇದ್ದೂ ಇಲ್ಲದಂತೆ. ಶಾಫ್ಟ್ ಒಳಬರುವಲ್ಲಿ ಹಗ್ಗದ ಪ್ಯಾಕಿಂಗ್ ಇದ್ದರೆ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಬೀಳಬೇಕು. ಒಂದೂ ಬೀಳದಂತೆ ಬಿಗಿದರೆ ಶಾಫ್ಟ್ ಕಾದು ಗೀರು ಬೀಳುತ್ತದೆ. ತಳಕ್ಕೆ ಪಾಚಿನಿರೋಧಕ ಬಣ್ಣ ಎರಡು ಕೋಟು, ನೀರಿನ ಅಂಚಿಗೆ ಮತ್ತು ಚುಕ್ಕಾಣಿಯ ಮುಂಬದಿಗೆ ಮೂರು. ನಮ್ಮ ಬೆಚ್ಚನೆಯ ನೀರಲ್ಲಿ, ಅದರಲ್ಲೂ ಅಳಿವೆಯೊಳಗೆ, ಬಾರ್ನಕಲ್ ಚಿಪ್ಪು ತಿಂಗಳೊಳಗೇ ಕೂರುತ್ತದೆ. ಹೊರಡುವ ಹಿಂದಿನ ದಿನ ಪ್ರೊಪೆಲರನ್ನು ಮುಳುಗಿ ಕೆರೆಯುವುದನ್ನು ತಪ್ಪಿಸಬೇಡಿ.

ಮಾಸ್ಟ್ ಮತ್ತು ಹಾಯಿ

ನಮ್ಮ ಹಳೆಯ ಮಂಜಿಗಳ (ಸರಕಿನ ಹಾಯಿದೋಣಿಗಳ) ಕೂವೆಮರಕ್ಕೆ ಹಗ್ಗದ ಆಧಾರ ಇತ್ತು, ಅದು ಸವೆದರೆ ಕಣ್ಣಿಗೆ ಕಾಣುತ್ತಿತ್ತು. ಈಗಿನ ಅಲ್ಯೂಮಿನಿಯಂ ಮಾಸ್ಟಿಗೆ ಸ್ಟೇನ್‌ಲೆಸ್ ತಂತಿ. ಅದು ಹೊರಗೆ ಹೊಳೆಯುತ್ತಲೇ ಒಳಗೆ ಹೋಗಿರುತ್ತದೆ. ಸ್ಟೇನ್‌ಲೆಸ್ ತುಕ್ಕು ಹಿಡಿಯುವುದು ಗಾಳಿ ತಾಗದೆ ಉಪ್ಪುನೀರು ನಿಲ್ಲುವ ಸಂದಿನಲ್ಲಿ, ಅಂದರೆ ಕೆಳತುದಿಯ ಲೋಹದ ಟೋಪಿಯೊಳಗೆ. ಹಳೆ ಕಾಟನ್ ಬನಿಯನ್ನನ್ನು ತಂತಿಗೆ ಸುತ್ತಿ ಮೇಲಿಂದ ಕೆಳಕ್ಕೆ ಎಳೆಯಿರಿ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆಯೊಂದು ತುಂಡಾಗಿದೆ. 19 ಎಳೆಗಳಲ್ಲಿ ಒಂದೇ ತುಂಡಾಗಿದ್ದರೂ ಆ ತಂತಿ ಬದಲಾಗಬೇಕು, ಜೊತೆಗೆ ಹಾಕಿದ ಮಿಕ್ಕವುಗಳ ಸ್ಥಿತಿಯೂ ಅದೇ. ಹತ್ತು ಹದಿನೈದು ವರ್ಷ ಕಳೆದಿದ್ದರೆ, ಅಥವಾ ದೋಣಿ ಕೊಂಡಾಗ ತಂತಿಯ ವಯಸ್ಸು ಹೇಳುವವರೇ ಇಲ್ಲದಿದ್ದರೆ, ನೋಡುವುದೇನೂ ಇಲ್ಲ, ಪೂರ್ತಿ ಸೆಟ್ಟು ಬದಲಿಸಿ. ಹಣ ದೊಡ್ಡದು ನಿಜ, ಹೊಸ ಮಾಸ್ಟಿನದು ಅದಕ್ಕಿಂತ ದೊಡ್ಡದು.

ಮಾಸ್ಟಿನ ನೆತ್ತಿಗೆ ಒಬ್ಬರು ಹತ್ತಲೇಬೇಕು. ಕೂರುವ ಕುರ್ಚಿಗೆ ಎರಡು ಹಗ್ಗ, ಒಂದು ಎಳೆಯಲು, ಒಂದು ಕಾಪಿಗೆ. ಮೇಲೆ ನೋಡಬೇಕಾದ್ದು ರಾಟೆಗಳು ತಿರುಗುತ್ತವೆಯೇ, ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದೆಯೇ, ಪ್ರತಿ ಪಿನ್ನಿಗೂ ಸ್ಪ್ಲಿಟ್ ಪಿನ್ ಇದೆಯೇ. ಈ ಸ್ಪ್ಲಿಟ್ ಪಿನ್ ಬಗ್ಗೆ ಎರಡು ಮಾತು. ಅದು ದೊಡ್ಡ ಪಿನ್ನಿನ ದಪ್ಪದ ಒಂದೂವರೆಪಟ್ಟು ಉದ್ದ ಇದ್ದರೆ ಸಾಕು. ಎರಡು ಕಾಲನ್ನೂ ಹತ್ತು ಹದಿನೈದು ಡಿಗ್ರಿ ಅಗಲಿಸಿದರೆ ಬೀಳುವುದಿಲ್ಲ. ಗ್ಯಾರೇಜಿನಲ್ಲಿ ಮಾಡುವಂತೆ ಹಿಂದಕ್ಕೆ ಸುರುಳಿ ಸುತ್ತಿದರೆ, ಮಾಸ್ಟ್ ತುರ್ತಾಗಿ ಕಳಚಿಹಾಕಬೇಕಾದ ದಿನ ಕಟಿಂಗ್ ಪ್ಲೇಯರಿನಲ್ಲೂ ಬಿಚ್ಚಲಾಗದು. ಚೂಪು ತುದಿ ಹಾಯಿ ಹರಿಯದಂತೆ ಒಂದು ಸುತ್ತು ಟೇಪು ಹಾಕಿ. ಕೆಳಗಿನ ಬಿಗಿಸುವ ತಿರುಪನ್ನೇ ಪೂರ್ತಿ ಟೇಪಿನಲ್ಲಿ ಸುತ್ತಿಡುವುದುಂಟು. ಚೆಂದ ಕಾಣುತ್ತದೆ, ಒಳಗೆ ಉಪ್ಪುನೀರನ್ನು ಹಿಡಿದಿಟ್ಟು ಸಾಯಿಸುತ್ತದೆ.

ಬಿಡಿಭಾಗವಾಗಿ ಅತಿ ಉದ್ದದ ತಂತಿಗಿಂತ ಅರ್ಧ ಮೀಟರ್ ಹೆಚ್ಚಿನ ತಂತಿ ಒಂದು ಸುರುಳಿ, ಯಂತ್ರವಿಲ್ಲದೆ ಸ್ಪಾನರಿನಲ್ಲೇ ಜೋಡಿಸಬಹುದಾದ ಸ್ಟಾ-ಲಾಕ್ ಮಾದರಿಯ ತುದಿ ಎರಡು, 8 ಮಿಲಿಮೀಟರಿನ ಡೈನೀಮಾ ಹಗ್ಗ 20 ಮೀಟರ್, ಮತ್ತು ನಿಮ್ಮ ತಂತಿಯನ್ನು ನಿಜವಾಗಿಯೂ ಕತ್ತರಿಸುವ ಬೋಲ್ಟ್ ಕಟರ್. ಹಳೆ ತಂತಿಯ ತುಂಡಿನ ಮೇಲೆ ಕತ್ತರಿಸಿ ನೋಡಿಯೇ ಕಟರ್ ಕೊಳ್ಳಿ. ಮುರಿದ ಮಾಸ್ಟ್ ಪಕ್ಕಕ್ಕೆ ಬಿದ್ದು ಅಲೆಗೆ ದೋಣಿಯನ್ನು ಗುದ್ದುತ್ತಿರುವಾಗ ಆ ಪರೀಕ್ಷೆ ಬೇಡ.

ಹಾಯಿಯಲ್ಲಿ ಬಟ್ಟೆಗಿಂತ ಮೊದಲು ಹೋಗುವುದು ಹೊಲಿಗೆಯ ನೂಲು, ಬಿಸಿಲು ಅದನ್ನು ಒಣಹುಲ್ಲು ಮಾಡುತ್ತದೆ. ಹೊಲಿಗೆಯ ಮೇಲೆ ಹೆಬ್ಬೆರಳ ಉಗುರಿನಿಂದ ಗೀರಿ, ನೂಲು ಪುಡಿಯಾದರೆ ಇಡೀ ಹೊಲಿಗೆ ಮತ್ತೆ ಹಾಕಿಸಿ. ದೊಡ್ಡ ಹಾಯಿಗೆ ಮೂರು ರೀಫ್ (ಹಾಯಿಯನ್ನು ಮಡಚಿ ಕಿರಿದು ಮಾಡುವ ಹಂತ) ಇರಲಿ, ಗಾಳಿ 15ರಿಂದ 18 ನಾಟ್ ಮುಟ್ಟುವಾಗಲೇ ಮೊದಲನೆಯದು. ಹಿಂದಿನಿಂದ ಗಾಳಿ ಬರುವಾಗ ಬೂಮ್ (ಹಾಯಿಯ ಕೆಳಅಂಚಿನ ಅಡ್ಡಕಂಬ) ತುದಿಯಿಂದ ದೋಣಿಯ ಮೂತಿಗೆ ಒಂದು ತಡೆಹಗ್ಗ ಕಟ್ಟಿ. ಬೂಮ್ ಬೀಸಿದ ಏಟಿಗೆ ತಲೆ ಒಡೆದುಕೊಂಡವರು ಇದ್ದಾರೆ.

ಚುಕ್ಕಾಣಿ ಮತ್ತು ಕೀಲ್

ಚುಕ್ಕಾಣಿಯ ತುದಿ ಹಿಡಿದು ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕಟಕಟ ಸದ್ದು ಬಂದರೆ ಬೇರಿಂಗ್ ಸವೆದಿದೆ. ದಡಕ್ಕೆಳೆದು ದಿನಗಳಾದ ಮೇಲೂ ಚುಕ್ಕಾಣಿಯಿಂದ ಕಂದುನೀರು ತೊಟ್ಟಿಕ್ಕುತ್ತಿದ್ದರೆ ಒಳಗಿನ ಲೋಹದ ಎಲುಬು ತುಕ್ಕು ತಿನ್ನುತ್ತಿದೆ. ಚುಕ್ಕಾಣಿಯ ಚಕ್ರ ಕೆಟ್ಟಾಗ ಬಳಸುವ ತುರ್ತು ಹಿಡಿಕೋಲು ಇದ್ದರೆ ಸಾಲದು, ಗಾಳಿಯಿರುವ ದಿನ ಚಕ್ರ ಬಿಟ್ಟು ಅದರಿಂದಲೇ ಅರ್ಧ ಗಂಟೆ ನಡೆಸಿ. ಎಷ್ಟೋ ದೋಣಿಗಳಲ್ಲಿ ಅದು ಚಕ್ರದ ಕಂಬಕ್ಕೇ ತಾಗುತ್ತದೆ ಎಂದು ಗೊತ್ತಾಗುವುದು ಆಗಲೇ. ಕೀಲ್ ಮತ್ತು ತಳ ಸೇರುವ ಗೆರೆಯ ಮುಂತುದಿಯಲ್ಲಿ ಬಿರುಕು ಬಾಯಿಬಿಟ್ಟಿದ್ದರೆ ಪುಟ್ಟಿ ತುಂಬಿ ಬಣ್ಣ ಹೊಡೆಯಬೇಡಿ, ಕೀಲ್ ಬೋಲ್ಟುಗಳನ್ನು ಬಲ್ಲವರಿಗೆ ತೋರಿಸಿ.

ಲಂಗರು

ನಮ್ಮ ಕರಾವಳಿಯ ಕೆಸರಿನಲ್ಲಿ ಸಾಕಾದ ಲಂಗರು ಹವಳದ ದ್ವೀಪದಲ್ಲಿ ಸಾಲದು. ಅಲ್ಲಿ 15ರಿಂದ 20 ಮೀಟರ್ ಆಳದಲ್ಲೇ ನಿಲ್ಲಬೇಕಾಗುತ್ತದೆ, ತಳದಲ್ಲಿ ಮರಳಿನ ನಡುನಡುವೆ ಹವಳದ ಬಂಡೆ. 18 ಮೀಟರ್ ಆಳಕ್ಕೆ ದೋಣಿಯ ಮೂತಿಯ ಎತ್ತರ ಸೇರಿಸಿ 20. ಅದರ ನಾಲ್ಕುಪಟ್ಟು ಬಿಡಬೇಕೆಂದರೆ 80 ಮೀಟರ್. ಈ ದೋಣಿಗೆ 20 ಕಿಲೋದ ಹೊಸ ಮಾದರಿ ಲಂಗರು, 8 ಮಿಲಿಮೀಟರಿನ ಸರಪಳಿ 60 ಮೀಟರ್, ಅದರ ಹಿಂದೆ 16 ಮಿಲಿಮೀಟರಿನ ನೈಲಾನ್ ಹಗ್ಗ 40 ಮೀಟರ್. ಸರಪಳಿಯೇ ಸುಮಾರು 85 ಕಿಲೋ ತೂಗುತ್ತದೆ. ನೂರು ಮೀಟರೂ ಸರಪಳಿಯೇ ಇರಲಿ ಎಂದು ಮೂತಿಗೆ ತುಂಬಿದರೆ ದೋಣಿ ಪ್ರತಿ ಅಲೆಗೂ ಮೂಗು ಹುಗಿಸುತ್ತದೆ. ತಳದಲ್ಲಿ ಉಜ್ಜುವ ಭಾಗ ಮಾತ್ರ ಸರಪಳಿಯೇ ಆಗಿರಬೇಕು, ಹಗ್ಗವನ್ನು ಹವಳ ಒಂದು ರಾತ್ರಿಯಲ್ಲಿ ಕತ್ತರಿಸುತ್ತದೆ. ಅಲ್ಲಲ್ಲಿ ಸಣ್ಣ ತೇಲುಬುರುಡೆ ಕಟ್ಟಿ ಸರಪಳಿಯನ್ನು ಹವಳದಿಂದ ಎತ್ತಿ ಹಿಡಿದರೆ ಸಿಕ್ಕಿಕೊಳ್ಳುವುದೂ ತಪ್ಪುತ್ತದೆ, ಹವಳವೂ ಉಳಿಯುತ್ತದೆ.

ಲಂಗರನ್ನು ಸರಪಳಿಗೆ ಜೋಡಿಸುವ ಶಾಕಲ್ ಕೊಂಡಿಯ ಪಿನ್ನನ್ನು ಸ್ಟೇನ್‌ಲೆಸ್ ತಂತಿಯಿಂದ ಬಿಗಿದು ಕಟ್ಟಿ. ಒಳತುದಿಯನ್ನು ದೋಣಿಗೆ ಬೋಲ್ಟ್ ಹಾಕಿ ಬಂಧಿಸದೆ, ಡೆಕ್ ತನಕ ಬರುವ ಹಗ್ಗದಿಂದ ಕಟ್ಟಿ. ಲಂಗರು ಬಿಟ್ಟು ಓಡಬೇಕಾದ ರಾತ್ರಿ ಚಾಕುವಿನಲ್ಲಿ ಕತ್ತರಿಸಬಹುದು.

ಇಂಜಿನ್ನು

ಜನವರಿಯಲ್ಲಿ ನಮ್ಮ ಕರಾವಳಿಯಲ್ಲಿ ಬೆಳಗಿನ ಜಾವ ದಡದಿಂದ ತಣ್ಣನೆ ಗಾಳಿ, ಮಧ್ಯಾಹ್ನ ವಾಯವ್ಯದ ಕಡಲಗಾಳಿ, ನಡುವೆ ಗಂಟೆಗಟ್ಟಲೆ ಏನೂ ಇಲ್ಲ. ಡಿಸೆಂಬರ್ ಜನವರಿಯಲ್ಲಿ ದಡದ ಗುಂಟ ಹರಿವು ಉತ್ತರಕ್ಕೆ, ದಕ್ಷಿಣಕ್ಕೆ ಹೊರಟವರಿಗೆ ಎದುರು. ಕೇರಳದ ಪೊನ್ನಾನಿಯ ಆಸುಪಾಸಿನಲ್ಲಿ ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಪೂರ್ವದ ಗಾಳಿ ಮಾತ್ರ ಒಮ್ಮೆಲೇ ಜೋರಾಗುತ್ತದೆ, ರೀಫ್ ಮೊದಲೇ ಹಾಕಿರಿ. ಅರ್ಧ ದಾರಿ ಇಂಜಿನ್ನಿನಲ್ಲೇ ಎಂದು ಲೆಕ್ಕ ಹಾಕಿ: 5 ನಾಟ್‌ನಲ್ಲಿ 45 ಗಂಟೆ, ಗಂಟೆಗೆ 3 ಲೀಟರ್, 135 ಲೀಟರ್. ಟ್ಯಾಂಕಿನ 120ರ ಜೊತೆಗೆ 20 ಲೀಟರಿನ ಕ್ಯಾನು ನಾಲ್ಕು.

ಇಂಜಿನ್ ನಿಲ್ಲುವುದು ಹೆಚ್ಚಾಗಿ ಎರಡೇ ಕಾರಣಕ್ಕೆ, ಕೊಳಕು ಡೀಸೆಲ್ ಮತ್ತು ತಂಪುನೀರಿನ ಪಂಪಿನೊಳಗಿನ ಹರಿದ ಇಂಪೆಲರ್.

ವರ್ಷಗಟ್ಟಲೆ ಅರ್ಧ ಖಾಲಿ ನಿಂತ ಟ್ಯಾಂಕಿನಲ್ಲಿ ತೇವ ಹನಿಗಟ್ಟಿ ತಳದಲ್ಲಿ ನೀರು ಸೇರುತ್ತದೆ, ನೀರು ಮತ್ತು ಡೀಸೆಲ್ಲಿನ ಗಡಿಯಲ್ಲಿ ಕಪ್ಪು ಲೋಳೆ ಬೆಳೆಯುತ್ತದೆ. ಬಂದರಿನೊಳಗೆ ಅದು ತಳದಲ್ಲೇ ಮಲಗಿರುತ್ತದೆ. ಅಳಿವೆಬಾಗಿಲಿನ ಅಲೆಗೆ ದೋಣಿ ಕುಣಿದಾಗ ಎದ್ದು ಫಿಲ್ಟರ್ ಕಟ್ಟುತ್ತದೆ, ಇಂಜಿನ್ ಅತಿ ಬೇಕಾದ ಜಾಗದಲ್ಲೇ ನಿಲ್ಲುತ್ತದೆ. ಟ್ಯಾಂಕಿನ ಮುಚ್ಚಳ ಬಿಚ್ಚಿ ತಳ ಒರೆಸಿ ತೆಗೆಯುವುದೊಂದೇ ದಾರಿ, ಔಷಧ ಹಾಕಿದರೆ ಸತ್ತ ಲೋಳೆಯೂ ಫಿಲ್ಟರಿಗೇ ಬರುತ್ತದೆ. ನೀರು ಬೇರ್ಪಡಿಸುವ ಮೊದಲ ಫಿಲ್ಟರು 10 ಮೈಕ್ರಾನಿನದು ಆರು, ಇಂಜಿನ್ನಿನ ಮೇಲಿನದು ಮೂರು ಇಟ್ಟುಕೊಳ್ಳಿ. ಬದಲಿಸಿದ ಮೇಲೆ ಗಾಳಿ ತೆಗೆಯಬೇಕು: ಎರಡನೇ ಫಿಲ್ಟರಿನ ತಲೆಯ ತಿರುಪು ಸಡಿಲಿಸಿ, ಪಂಪಿನ ಕೈಹಿಡಿಯನ್ನು ನೊರೆ ನಿಂತು ಶುದ್ಧ ಡೀಸೆಲ್ ಬರುವ ತನಕ ಒತ್ತಿ, ಬಿಗಿಯಿರಿ. ಆಮೇಲೆ ಇಂಜೆಕ್ಷನ್ ಪಂಪಿನ ತಿರುಪು. ಇಷ್ಟಕ್ಕೂ ಏಳದಿದ್ದರೆ ಇಂಜೆಕ್ಟರಿನ ನಟ್ಟು ಸಡಿಲಿಸಿ ಸ್ಟಾರ್ಟರ್ ತಿರುಗಿಸಿ. ಇಲ್ಲೊಂದು ದೊಡ್ಡ ತಪ್ಪು ಆಗುತ್ತದೆ. ಇಂಜಿನ್ ಏಳದೆ ಸುಮ್ಮನೆ ತಿರುಗುವಷ್ಟು ಹೊತ್ತೂ ಪಂಪು ಸಮುದ್ರದ ನೀರನ್ನು ಸೈಲೆನ್ಸರಿಗೆ ತುಂಬುತ್ತಿರುತ್ತದೆ, ಹೊರದಬ್ಬಲು ಹೊಗೆಯ ಒತ್ತಡ ಇಲ್ಲ. ತುಂಬಿದ ನೀರು ಸಿಲಿಂಡರಿಗೆ ಇಳಿದರೆ ಅಲ್ಲಿಗೆ ಮುಗಿಯಿತು. ನಾಲ್ಕೈದು ಪ್ರಯತ್ನಕ್ಕೂ ಏಳದಿದ್ದರೆ ತಂಪುನೀರಿನ ವಾಲ್ವ್ ಮುಚ್ಚಿ, ಎದ್ದ ತಕ್ಷಣ ತೆರೆಯಿರಿ. ಮರೆಯದಿರಲು ಕೀಲಿಕೈಯನ್ನು ಆ ವಾಲ್ವಿನ ಹಿಡಿಗೇ ನೇತುಹಾಕುವುದು ಒಳ್ಳೆಯ ಅಭ್ಯಾಸ.

ಇಂಪೆಲರ್ ರಬ್ಬರಿನ ಪುಟ್ಟ ಚಕ್ರ. ನೀರಿಲ್ಲದೆ ಒಂದೆರಡು ನಿಮಿಷ ತಿರುಗಿದರೆ ರೆಕ್ಕೆ ಉದುರುತ್ತದೆ. ಬದಲಿಸುವಾಗ ಹಳೆಯದರ ರೆಕ್ಕೆ ಎಣಿಸಿ. ಎರಡು ಕಡಿಮೆ ಇದ್ದರೆ ಆ ಎರಡು ಮುಂದೆ ಶಾಖ ಬದಲಾಯಿಸುವ ಕೊಳವೆಯ ಬಾಯಿಗೆ ಹೋಗಿ ಕೂತಿವೆ, ಹುಡುಕಿ ತೆಗೆಯದಿದ್ದರೆ ಹೊಸ ಇಂಪೆಲರ್ ಹಾಕಿಯೂ ಇಂಜಿನ್ ಬಿಸಿಯೇರುತ್ತದೆ. ಹೊಸದಕ್ಕೆ ಗ್ಲಿಸರಿನ್ ಅಥವಾ ಸೋಪುನೀರು ಸವರಿ ಕೂರಿಸಿ, ಗ್ರೀಸು ಬೇಡ. ಮೂರು ಇಂಪೆಲರ್, ಮುಚ್ಚಳದ ಗ್ಯಾಸ್ಕೆಟ್ ಮೂರು, ಎರಡು ಬೆಲ್ಟ್, ಒಂದು ಬಾರಿ ಬದಲಿಸಲು ಬೇಕಾದಷ್ಟು ಇಂಜಿನ್ ಎಣ್ಣೆ ದೋಣಿಯಲ್ಲಿರಲಿ.

ಕರೆಂಟು

ದಿನಕ್ಕೆ ಎಷ್ಟು ಬೇಕೆಂದು ಬರೆದು ಕೂಡಿಸದೆ ಬ್ಯಾಟರಿ ಕೊಳ್ಳಬೇಡಿ. 12 ವೋಲ್ಟಿನಲ್ಲಿ ಆಟೋಪೈಲಟ್ 60 ಆಂಪ್-ಅವರ್, ಫ್ರಿಜ್ಜು 50, ಪ್ಲಾಟರ್ ಮತ್ತು ಮಾಪಕಗಳು 30, ಫ್ಯಾನು ಫೋನು 25, ರೇಡಿಯೊ ಮತ್ತು ಎಐಎಸ್ (ಸುತ್ತಲಿನ ಹಡಗುಗಳನ್ನು ತೋರಿಸುವ ಸಾಧನ) 15, ದೀಪಗಳು 10, ಪಂಪುಗಳು 5: ಒಟ್ಟು 195. ನೂರು ವ್ಯಾಟಿನ ಸೌರಫಲಕ ಈ ಅಕ್ಷಾಂಶದಲ್ಲಿ ದಿನಕ್ಕೆ 25ರಿಂದ 30 ಕೊಡುತ್ತದೆ, ಬೂಮಿನ ನೆರಳು ಒಂದು ಗೆರೆ ಬಿದ್ದರೂ ಅರ್ಧ ಕಳೆಯಿರಿ. 400 ವ್ಯಾಟ್ ಹಾಕಿದರೆ ನೂರರ ಆಸುಪಾಸು, ಉಳಿದದ್ದು ಇಂಜಿನ್ನಿನಿಂದ. ಫ್ರಿಜ್ಜು ಬಿಟ್ಟರೆ ಲೆಕ್ಕ ಎಷ್ಟು ಸಲೀಸಾಗುತ್ತದೆ ನೋಡಿ. ಐದು ದಿನದ ಪಯಣಕ್ಕೆ ಅದು ಬೇಕೇ ಎಂಬುದು ನಮ್ಮ ಪ್ರಶ್ನೆ.

ಎಜಿಎಂ (ಸೀಸ-ಆಮ್ಲದ ಒಂದು ಬಗೆ) ಬ್ಯಾಟರಿಯಲ್ಲಿ ಬರೆದಿರುವುದರ ಅರ್ಧ ಮಾತ್ರ ನಿಮ್ಮದು, ಲಿಥಿಯಂನಲ್ಲಿ ಶೇ. 80. ಆದರೆ ಲಿಥಿಯಂ ಅನ್ನು ಇಂಜಿನ್ನಿನ ಆಲ್ಟರ್ನೇಟರಿಗೆ ನೇರ ಜೋಡಿಸಬೇಡಿ. ಅದು ಸಿಕ್ಕಷ್ಟೂ ಎಳೆದು ಆಲ್ಟರ್ನೇಟರನ್ನು ಕಾಯಿಸುತ್ತದೆ. ತುಂಬಿದ ಮೇಲೆ ಅದರ ಕಾವಲು ಸರ್ಕ್ಯೂಟು ಥಟ್ಟನೆ ಕಡಿದುಕೊಂಡರೆ ಆಲ್ಟರ್ನೇಟರಿನ ಡಯೋಡುಗಳು ಸುಡುತ್ತವೆ. ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು. ವೈರು ತವರ ಲೇಪಿಸಿದ ತಾಮ್ರದ್ದು. ಮನೆ ವೈರಿಂಗಿನದು ಎರಡು ಮಳೆಗಾಲದಲ್ಲಿ ಒಳಗೇ ಕಪ್ಪಾಗುತ್ತದೆ. ತುದಿಗಳನ್ನು ಬೆಸುಗೆ ಹಾಕದೆ ಒತ್ತಿ ಕೂರಿಸಿ, ಬೆಸುಗೆ ಮುಗಿಯುವ ಜಾಗದಲ್ಲಿ ವೈರು ಅದುರಿ ಅದುರಿ ತುಂಡಾಗುತ್ತದೆ. ಬ್ಯಾಟರಿಯ ಪ್ಲಸ್ಸಿನಿಂದ ಗೇಣಿನೊಳಗೆ ದೊಡ್ಡ ಫ್ಯೂಸು.

ನೀರು, ಗ್ಯಾಸು, ಊಟ

ತಲೆಗೆ ದಿನಕ್ಕೆ 4 ಲೀಟರ್, ಐದು ದಿನದ ದಾರಿಗೆ ಹತ್ತು ದಿನದ ಲೆಕ್ಕ: 120 ಲೀಟರ್. ಇದನ್ನು ಒಂದೇ ಟ್ಯಾಂಕಿನಲ್ಲಿ ಇಡಬೇಡಿ. ಒಂದು ಸೋರಿದರೆ, ಅಥವಾ ಗಾಳಿಕೊಳವೆಯಿಂದ ಉಪ್ಪುನೀರು ಸೇರಿದರೆ, ಇನ್ನೊಂದು ಬೇಕು. ಇದರ ಮೇಲೆ 40 ಲೀಟರ್ ಕ್ಯಾನುಗಳಲ್ಲಿ, ಮೇಲೆ ಸ್ವಲ್ಪ ಖಾಲಿ ಬಿಟ್ಟು ತುಂಬಿಸಿ, ನೀರಿಗೆ ಬಿದ್ದರೂ ತೇಲುತ್ತವೆ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ ಗ್ಯಾಸು ಕಿಟಕಿಯಿಂದ ಹೋಗುವುದಿಲ್ಲ, ಬಿಲ್ಜಿಗಿಳಿದು ಕೂತು ಸ್ಟಾರ್ಟರಿನ ಕಿಡಿಗೆ ಕಾಯುತ್ತದೆ. ಸಿಲಿಂಡರಿಗೆ ಒಳಕ್ಕೆ ಸಂಪರ್ಕವೇ ಇಲ್ಲದ ಪೆಟ್ಟಿಗೆ, ಅದರ ತಳದಿಂದ ನೀರಿನ ಮಟ್ಟದ ಮೇಲೆ ಹೊರಗೆ ತೆರೆಯುವ ಕೊಳವೆ. ಅಡುಗೆ ಮುಗಿದ ಮೇಲೆ ಒಲೆಯಲ್ಲಲ್ಲ, ಸಿಲಿಂಡರಿನಲ್ಲೇ ಆಫ್. ಪ್ರತಿ ಜೋಡಣೆಗೂ ಸೋಪುನೀರು ಹಚ್ಚಿ ಗುಳ್ಳೆ ನೋಡಿ.

ಊಟದ ವಿಷಯದಲ್ಲಿ ನಮಗೆ ಕಲಿಯುವುದು ಕಡಿಮೆ. ಕುಕ್ಕರಿನ ಮುಚ್ಚಳ ಗಟ್ಟಿ, ದೋಣಿ ವಾಲಿದರೂ ಗಂಜಿ ಚೆಲ್ಲದು. ಅನ್ನಕ್ಕೆ ಮೂರರಲ್ಲೊಂದು ಪಾಲು ಕಡಲ ನೀರು ಹಾಕಿದರೆ ಉಪ್ಪೂ ಆಯಿತು, ಸಿಹಿನೀರೂ ಉಳಿಯಿತು, ದಡದಿಂದ ದೂರ ಹೋದ ಮೇಲಿನ ನೀರು ಮಾತ್ರ. ಮಂಗಳೂರು ಸೌತೆಯನ್ನು ಅಟ್ಟದಲ್ಲಿ ಕಟ್ಟಿ ತೂಗಿಸುವಂತೆ ಬಲೆಚೀಲದಲ್ಲಿ ತೂಗುಹಾಕಿ, ಸಿಹಿಗುಂಬಳವನ್ನೂ. ಮೊದಲ ಎರಡು ದಿನ ವಾಕರಿಕೆಯಲ್ಲಿ ಯಾರೂ ಒಲೆ ಮುಂದೆ ನಿಲ್ಲುವುದಿಲ್ಲ. ಅವಲಕ್ಕಿ, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು ಕೈಗೆಟುಕುವಲ್ಲಿರಲಿ. ವಾಕರಿಕೆಯ ಮಾತ್ರೆ ಹೊರಡುವ ಹಿಂದಿನ ರಾತ್ರಿಯೇ, ವೈದ್ಯರನ್ನು ಕೇಳಿ.

ಜೀವರಕ್ಷಣೆ, ಮತ್ತು ಕಾನೂನಿನ ಒಂದು ಹೊಂಡ

406 ಮೆಗಾಹರ್ಟ್ಸಿನ ಇಪಿಐಆರ್‌ಬಿ (ಅಪಾಯದ ಕರೆ ಕಳಿಸುವ ಸಾಧನ) ಒಂದು ಇರಲೇಬೇಕು, ಭಾರತದ ಕೋಡ್ ಹಾಕಿಸಿ ನೋಂದಾಯಿಸಿರಬೇಕು. ಅದರ ಕೂಗನ್ನು ಉಪಗ್ರಹದ ಮೂಲಕ ಕೇಳುವ ನಮ್ಮ ದೇಶದ ಕೇಂದ್ರ ಇರುವುದು ಸಮುದ್ರದ ದಡದಲ್ಲಲ್ಲ, ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್ ಆವರಣದಲ್ಲಿ. ಅಲ್ಲಿಂದ ಸುದ್ದಿ ಕೋಸ್ಟ್ ಗಾರ್ಡಿಗೆ ಹೋಗುತ್ತದೆ. ನೋಂದಣಿಯಲ್ಲಿ ದಡದಲ್ಲಿರುವ, ಫೋನ್ ಎತ್ತುವ ಒಬ್ಬರ ನಂಬರ್ ಇರಲಿ. ಹಳೆ ಮಾಲೀಕರ ಹೆಸರಿನಲ್ಲೇ ಬಿಟ್ಟರೆ ಕೇಂದ್ರದವರು ಅವರ ಮನೆಗೆ ಫೋನ್ ಮಾಡುತ್ತಾರೆ, ಅವರು ಆರಾಮಾಗಿದ್ದೇವೆ ಎನ್ನುತ್ತಾರೆ. 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಮಾಸ್ಟ್ ಮುರಿದು ಬೆನ್ನಿಗೆ ಪೆಟ್ಟಾಗಿ ಮಲಗಿದ್ದ ನಮ್ಮ ನೌಕಾಪಡೆಯ ಒಂಟಿ ಹಾಯಿಗ ಅಭಿಲಾಷ್ ಟಾಮಿ ಮೂರು ದಿನದಲ್ಲಿ ರಕ್ಷಣೆಯಾದದ್ದು ದೋಣಿ ಎಲ್ಲಿದೆ ಎಂದು ದಡಕ್ಕೆ ಗೊತ್ತಿದ್ದುದರಿಂದ.

ಇನ್ನು ಆ ಹೊಂಡ. ವಿದೇಶಿ ಮಾರ್ಗದರ್ಶಿಗಳೆಲ್ಲ ಇರಿಡಿಯಂ ಅಥವಾ ಥುರಾಯಾ ಉಪಗ್ರಹ ಫೋನು ಕೊಳ್ಳಿ ಎನ್ನುತ್ತವೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದೇ ಅಪರಾಧ, ಉಪಗ್ರಹದಿಂದ ಸಂದೇಶ ಕಳಿಸುವ ಪುಟ್ಟ ಸಾಧನಗಳನ್ನು ತಂದವರೂ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದಾರೆ. ಅನುಮತಿ ಸಿಗದಿದ್ದರೆ ಬೇಡ. ವಿಎಚ್‌ಎಫ್ ರೇಡಿಯೊ, ಎಐಎಸ್, ಇಪಿಐಆರ್‌ಬಿ ಈ ಪಯಣಕ್ಕೆ ಸಾಕು. ಹವಾಮಾನಕ್ಕೆ ಹೊರಡುವ ಮುನ್ನ ಇನ್‌ಕಾಯ್ಸ್ (ಸಾಗರ ಮಾಹಿತಿ ಕೇಂದ್ರ) ಮತ್ತು ಹವಾಮಾನ ಇಲಾಖೆಯ ಐದು ದಿನದ ಮುನ್ಸೂಚನೆ. ಕೋಸ್ಟ್ ಗಾರ್ಡಿನ 1554 ಮೊಬೈಲ್ ಸಿಗ್ನಲ್ ಇರುವ ತನಕ ಮಾತ್ರ, ಆಮೇಲೆ ರೇಡಿಯೊದ ಚಾನೆಲ್ 16.

ಲೈಫ್ ಜಾಕೆಟ್ಟಿನ ಗ್ಯಾಸ್ ಸಿಲಿಂಡರ್ ಕೈಯಲ್ಲಿ ತಿರುಗಿಸಿ ನೋಡಿ, ಎಷ್ಟೋ ಸಲ ಸಡಿಲವೇ ಇರುತ್ತದೆ. ತೊಡೆಸಂದಿನ ಪಟ್ಟಿ ಇಲ್ಲದ ಜಾಕೆಟ್ ನೀರಲ್ಲಿ ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ. ಡೆಕ್ಕಿನ ಉದ್ದಕ್ಕೂ, ಮೈಗೆ ಕಟ್ಟಿದ ಕೊಂಡಿ ಸಿಕ್ಕಿಸಲು, ಚಪ್ಪಟೆ ಪಟ್ಟಿಯ ಜಾಕ್‌ಲೈನ್ ಬಿಗಿಯಿರಿ, ಉರುಟು ಹಗ್ಗ ಕಾಲಡಿ ಉರುಳುತ್ತದೆ. ರಾತ್ರಿ ಕಾಕ್‌ಪಿಟ್ಟಿಗೆ ಬರುವವರು ಮೆಟ್ಟಿಲು ಹತ್ತುವ ಮೊದಲೇ ಕೊಂಡಿ ಹಾಕಿಕೊಳ್ಳಬೇಕು.

ದಡದಿಂದ ಮೂವತ್ತು ನಲವತ್ತು ಮೈಲಿ ತನಕ ರಾತ್ರಿ ಬಲೆಗಳ ಕಾಟ. ಉದ್ದ ಬಲೆಯ ತುದಿಗೊಂದು ಮಿಣುಕುದೀಪ, ಅದೂ ಇದ್ದರೆ. ಬೋಟಿನವರು ಟಾರ್ಚ್ ಬೀಸಿದರೆ ಸಿಟ್ಟಲ್ಲ, ಬಲೆ ಯಾವ ಕಡೆಗಿದೆ ಎಂದು ತೋರಿಸುತ್ತಿದ್ದಾರೆ. ಪ್ರೊಪೆಲರಿಗೆ ಸುತ್ತಿಕೊಂಡರೆ ತಕ್ಷಣ ನ್ಯೂಟ್ರಲ್, ರಿವರ್ಸ್ ಹಾಕಿ ಬಿಡಿಸಲು ಹೋಗಬೇಡಿ, ಇನ್ನಷ್ಟು ಬಿಗಿಯುತ್ತದೆ. ಈಜುಕನ್ನಡಕ, ಹಲ್ಲಿರುವ ಬ್ರೆಡ್ ಚಾಕು, ಸೊಂಟಕ್ಕೆ ಹಗ್ಗ, ಬೆಳಕಾದ ಮೇಲೆ. ಅಲೆಯಿದ್ದರೆ ಇಳಿಯಬೇಡಿ, ಮೇಲೇಳುವ ಬೀಳುವ ತಳ ತಲೆಗೆ ಬಡಿಯುತ್ತದೆ. ಕೊಚ್ಚಿಯಿಂದ ಮುಂದೆ ಬಲೆ ಕಡಿಮೆ. ಲಕ್ಷದ್ವೀಪದ ಮಿನಿಕಾಯ್‌ನ ಪೂರ್ವಕ್ಕೆ ಶ್ರೀಲಂಕಾ ಮತ್ತು ಅರಬ್ ಕಡೆಗೆ ಓಡುವ ದೊಡ್ಡ ಹಡಗುಗಳ ಸಾಲು, ಅದನ್ನು ಆದಷ್ಟು ನೇರ ಅಡ್ಡಕ್ಕೆ ದಾಟಿ.

ಪರೀಕ್ಷೆಯ ಪಯಣ

ಹೊರಡುವ ಎರಡು ವಾರ ಮೊದಲು ಮಲ್ಪೆಯ ತನಕ ಹೋಗಿ, ಒಂದು ರಾತ್ರಿ ಪೂರ್ತಿ ಸಮುದ್ರದಲ್ಲೇ ಕಳೆದು ಬನ್ನಿ. ಸಾಮಾನೆಲ್ಲ ತುಂಬಿಸಿಯೇ ಹೋಗಬೇಕು, ಯಾವ ಕಪಾಟು ವಾಲಿದಾಗ ಬಾಯಿಬಿಡುತ್ತದೆ ಎಂದು ತಿಳಿಯುವುದು ಹಾಗೇ. ಕತ್ತಲಲ್ಲಿ ರೀಫ್ ಹಾಕಿ, ಇಂಜಿನ್ ಫಿಲ್ಟರ್ ಒಮ್ಮೆ ಬದಲಿಸಿ, ಬ್ಯಾಟರಿ ಎಷ್ಟು ಇಳಿಯಿತೆಂದು ಬರೆದಿಡಿ. ಕೆಟ್ಟದ್ದರ ಪಟ್ಟಿ ಇಪ್ಪತ್ತು ಸಾಲಿಗಿಂತ ಕಡಿಮೆ ಬಂದರೆ ಸರಿಯಾಗಿ ನೋಡಿಲ್ಲ. ಎರಡು ವಾರ ಅದಕ್ಕಾಗಿಯೇ.

ಹೊರಡುವ ದಿನ ಮಂಗಳೂರಿನ ಬೆಂಗ್ರೆಯ ಅಳಿವೆಬಾಗಿಲನ್ನು ಏರುನೀರಿನ ಕೊನೆಯ ಗಂಟೆಯಲ್ಲಿ ದಾಟಿ. ಮರಳದಿಣ್ಣೆ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, 1.8 ಮೀಟರ್ ಆಳದ ದೋಣಿಗೆ ಇಳಿನೀರಿನಲ್ಲಿ ಅಲ್ಲಿ ಕೆಲಸವಿಲ್ಲ. ಟ್ರಾಲರುಗಳು ಯಾವ ಗೆರೆಯಲ್ಲಿ ಹೋಗುತ್ತವೆಂದು ಹಿಂದಿನ ದಿನ ನೋಡಿಟ್ಟುಕೊಳ್ಳಿ. ಮುಂದಿನ ಹ್ಯಾಚ್ (ಡೆಕ್ಕಿನ ಬಾಗಿಲು) ಮುಚ್ಚಿ, ಟಾಯ್ಲೆಟ್ ವಾಲ್ವ್ ಮುಚ್ಚಿ, ಲಂಗರು ಮಾತ್ರ ಕಟ್ಟದೆ ಸಿದ್ಧವಿರಲಿ, ಬಾಗಿಲಲ್ಲೇ ಇಂಜಿನ್ ನಿಂತರೆ ಅದೊಂದೇ ಆಸರೆ. ಹೊರಗೆ ಬಂದು ಒಂದು ಗಂಟೆಯ ನಂತರ ಲಂಗರು ಬಿಗಿದು ಕಟ್ಟಿ, ಒಬ್ಬರು ಕೆಳಗಿಳಿದು ಬಿಲ್ಜ್ ಹಲಗೆ ಎತ್ತಲಿ. ನೀರು ಕಂಡರೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ. ಸಪ್ಪೆಯಿದ್ದರೆ ಕುಡಿಯುವ ನೀರಿನ ಟ್ಯಾಂಕು ಸೋರುತ್ತಿದೆ, ಸಂಜೆ ನೋಡಿದರಾಯಿತು. ಉಪ್ಪಿದ್ದರೆ ಗೋಡೆಗೆ ಅಂಟಿಸಿದ ಆ ಚಿತ್ರ ನೋಡಿ, ಒಂದನೇ ತೂತಿನಿಂದ ಶುರು ಮಾಡಿ.